ಅಕ್ಕನ ಮಂಗಲಾಷ್ಟಕವೂ ದುಂಡಪ್ಪನ ಟ್ರ್ಯಾಕ್ಟರ್ ಹಾಡೂ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ ಒಂದೇ ಒಂದು ಹಾಡಿನ ಮಿಕ್ಸಿಂಗ್ ಮಾಡುವುದು ಯಾವ ಮಹಾ ಕೆಲಸ? ಹೀಗೆಂದು ನಾನು ನನ್ನನ್ನೇ ಕೇಳಿಕೊಂಡೆ. ಉತ್ತರವನ್ನೂ ನಾನೇ ಕೊಟ್ಟುಕೊಂಡೆ. ಬೇರೆ ಯಾರನ್ನಾದರೂ ಕೇಳಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ!

ಆದರೆ ಬೇರೆಯವರನ್ನು ಕೇಳುವುದು ನನ್ನ ಜಾಯಮಾನವಲ್ಲ. ನಾನು ಸಂಶಯದ ಮನುಷ್ಯ. ಪೆಟ್ರೋಲ್ ಹಾಕಿಸುವಾಗ ಗಾಡಿಯಿಂದ ಇಳಿದು ಮೀಟರಿನ ಸೊನ್ನೆಯ ಎದುರು ನಿಂತು, ಅದು ನಿಜವಾಗಿಯೂ ಸೊನ್ನೆಯೇ ಎಂದು ಖಚಿತಪಡಿಸಿಕೊಳ್ಳುತ್ತೇನೆ. ಹಾಲಿನವನು ನಕ್ಕ ದಿನ ಹಾಲನ್ನು ಎರಡು ಸಲ ಮೂಸುತ್ತೇನೆ. ದ್ರಾಕ್ಷಿ ತೋಟದವರು ಪ್ರೀತಿಯಿಂದ ಒಂದು ಗೊಂಚಲು ಕೊಟ್ಟರೆ ಅದು ಹುಳಿ ಇರಲೇಬೇಕು ಎಂಬುದು ನನ್ನ ಸಿದ್ಧಾಂತ. ನನ್ನ ಹೆಂಡತಿ ಸುನಂದಾ ಹೇಳುವ ಪ್ರಕಾರ, ನಮ್ಮ ಲಗ್ನದಲ್ಲಿ ಆಕೆ ಹಾಕಿದ ಹಾರವನ್ನು ನಾನು ಕೊರಳಲ್ಲೇ ತಿರುಗಿಸಿ, ಹಿಂಬದಿಯ ಹೂವು ಬಾಡಿವೆಯೇ ಎಂದು ನೋಡಿದೆನಂತೆ. ಬಾಡಿದ್ದವು! ಅದನ್ನು ಮಾತ್ರ ಆಕೆ ಯಾರಿಗೂ ಹೇಳುವುದಿಲ್ಲ.

ಇರಲಿ. ನಾನಿರುವುದು ಕಾಗವಾಡದಲ್ಲಿ. ನನ್ನ ಅಕ್ಕ ಶಾಂತಕ್ಕ ಇರುವುದು ಪಕ್ಕದ ಶೇಡಬಾಳದಲ್ಲಿ. ಆಕೆಯ ಒಬ್ಬಳೇ ಮಗಳು ಪೂಜಾಳಿಗೆ ಚಿಕ್ಕೋಡಿಯ ಹುಡುಗನೊಂದಿಗೆ ಲಗ್ನ ಗೊತ್ತಾಯಿತು. ನಮ್ಮ ಕಡೆ ಅಕ್ಷತೆಯ ಹೊತ್ತಿಗೆ ಮಂಗಲಾಷ್ಟಕ ಹಾಡುತ್ತಾರೆ. ಒಂದೊಂದು ನುಡಿಯ ಕೊನೆಗೆ ‘ಸಾವಧಾನ’ ಎಂದು ಬರುತ್ತದೆ. ಅದು ಕಿವಿಗೆ ಬಿದ್ದ ಕೂಡಲೇ ಮಂದಿ ನಾಲ್ಕು ಕಾಳು ಅಕ್ಷತೆ ಎರಚುತ್ತಾರೆ. ಕಡೆಯ ಸಾವಧಾನಕ್ಕೆ ಮುಷ್ಟಿ ಖಾಲಿ ಮಾಡುತ್ತಾರೆ, ಹೊರಗೆ ವಾಜಂತ್ರಿ ಮೊಳಗುತ್ತದೆ, ಲಗ್ನ ಆಯಿತು! ನಮ್ಮ ಬಳಗದ ಎಲ್ಲ ಲಗ್ನಗಳಲ್ಲೂ ಈ ಮಂಗಲಾಷ್ಟಕ ಹಾಡಿದವಳು ಶಾಂತಕ್ಕನೇ. ವಧುವರರ ಹೆಸರು ಸೇರಿಸಿ ಪ್ರತಿ ಸಲ ಹೊಸ ನುಡಿ ತಾನೇ ಕಟ್ಟುತ್ತಾಳೆ. ನನ್ನ ಲಗ್ನದಲ್ಲಿ ನನ್ನನ್ನು ‘ಗುಣವಂತ’ ಎಂದು ಹಾಡಿದ್ದಳು. ಸುನಂದಾ ಇವತ್ತಿಗೂ ಆ ನುಡಿಯ ಬಗ್ಗೆ ವಿವರಣೆ ಕೇಳುತ್ತಾಳೆ.

ಆದರೆ ಸ್ವಂತ ಮಗಳ ಲಗ್ನದಲ್ಲಿ ಶಾಂತಕ್ಕ ಹಾಡುವಂತಿರಲಿಲ್ಲ. ಅಕ್ಷತೆ ಬೀಳುವುದನ್ನು ಹೆಣ್ಣಿನ ತಾಯಿ ನೋಡಬಾರದು, ಹಿಂದಿನ ಕೋಣೆಯಲ್ಲಿ ತುಳಸಿಗೆ ನೀರು ಹಾಕುತ್ತ ಕೂರಬೇಕು ಎಂಬುದು ನಮ್ಮ ಮನೆತನದ ಪದ್ಧತಿ.

“ಊರ ಮಂದಿ ಮಕ್ಕಳಿಗೆಲ್ಲಾ ಹಾಡೇನೋ ತಮ್ಮಾ. ನನ್ನ ಮಗಳಿಗೆ ಮಾತ್ರ ಬಾಯಿ ಮುಚಗೊಂಡು ಕುಂದ್ರಬೇಕೇನು?” ಎಂದು ಫೋನಿನಲ್ಲಿ ಅತ್ತಳು. ಅತ್ತು ಮುಗಿದ ಮೇಲೆ ಉಪಾಯವನ್ನೂ ಹೇಳಿದಳು. “ನೀ ಕಂಪ್ಯೂಟರ್ ಬಲ್ಲಾಂವ ಅದೀ. ನನ್ನ ದನಿ ಹಿಡದಿಟ್ಟು ಅಕ್ಷತಾ ಹೊತ್ತಿಗೆ ಹಚ್ಚು. ಪೂಜಾನ ಕಿವ್ಯಾಗ ನನ್ನ ದನಿ ಬೀಳಬೇಕು. ಅಷ್ಟ ಸಾಕು ನನಗ.”

ಅಕ್ಕ ಕೇಳಿದ್ದು ಅಷ್ಟೇ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಏಕೆಂದರೆ ನಾನು ಇಟ್ಟುಕೊಳ್ಳಲಿಲ್ಲ!

ಒಂದು ರವಿವಾರ ಬೆಳಿಗ್ಗೆ ಶೇಡಬಾಳಕ್ಕೆ ಹೋಗಿ, ಆಕೆಯ ಹಿತ್ತಲಿನ ತುಳಸಿಕಟ್ಟೆಯ ಹತ್ತಿರ ಹೊಸ ಮೈಕ್ ನಿಲ್ಲಿಸಿ, ಲ್ಯಾಪ್‌ಟಾಪಿನಲ್ಲಿ ಹಾಡನ್ನು ಹಿಡಿದುಕೊಂಡೆ. ಸುನಂದಾ ಪಕ್ಕದಲ್ಲಿ ಫೋನ್ ಹಿಡಿದು ಕೂತಿದ್ದಳು. ಅಡಿಗೆಯ ವೀಡಿಯೋ ನೋಡುತ್ತಿದ್ದಾಳೆ ಎಂದು ನನಗೆ ಸಂಶಯ ಬಂತು. ಅಕ್ಕ ಹಾರ್ಮೋನಿಯಂ ನುಡಿಸುತ್ತ ಹಾಡಿದಳು, ನೆರೆಮನೆಯಾಕೆ ತಾಳ ಹಾಕಿದಳು, ಸುನಂದಾ ಕಣ್ಣೊರೆಸಿಕೊಂಡಳು, ನಾನು ಲ್ಯಾಪ್‌ಟಾಪಿನ ಹಸಿರು ಗೆರೆ ನೋಡಿದೆ.

ಇನ್ನು ಉಳಿದದ್ದು ಮಿಕ್ಸಿಂಗ್. ಅಂದರೆ ದನಿ, ಹಾರ್ಮೋನಿಯಂ, ತಾಳಗಳ ಏರಿಳಿತ ಸರಿಮಾಡಿ ಹದಕ್ಕೆ ತರುವುದು. ನಾನು ನೋಡಿದ ವೀಡಿಯೋಗಳೆಲ್ಲ ಒಂದೇ ಮಾತು ಹೇಳಿದವು: ಮೊದಲು ಚೆನ್ನಾಗಿ ತಯಾರಾದ ಎರಡು ಮೂರು ಹಾಡು ಆರಿಸಿಕೊಳ್ಳಿ, ಅವುಗಳ ಪಕ್ಕಕ್ಕೆ ನಿಮ್ಮ ಹಾಡು ಇಟ್ಟು ಹೋಲಿಸುತ್ತ ಹೋಗಿ. ಇದಕ್ಕೆ ‘ರೆಫರೆನ್ಸ್’ ಎನ್ನುತ್ತಾರೆ. ಸೀರೆಗೆ ಕುಪ್ಪಸ ಹೊಂದಿಸಲು ಸೀರೆಯನ್ನೇ ಅಂಗಡಿಗೆ ಒಯ್ಯುತ್ತಾರಲ್ಲ, ಹಾಗೆ.

ಯಾವ ಹಾಡು ಆರಿಸಬೇಕು? ಚಿಕ್ಕೋಡಿಯಲ್ಲಿ ಸ್ಟುಡಿಯೋ ಇಟ್ಟಿರುವ ಬಾಳು ಎಂಬಾತನಲ್ಲಿಗೆ ಹೋದೆ. ಲಗ್ನದ ಕಾರ್ಯಾಲಯಕ್ಕೆ, ಅಂದರೆ ಕಲ್ಯಾಣಮಂಟಪಕ್ಕೆ, ಸ್ಪೀಕರು ಹಾಕುವವನೂ ಅವನೇ. ನಲವತ್ತರ ಆಸುಪಾಸು, ಮೆತ್ತಗಿನ ಮಾತು. ಮೆತ್ತಗೆ ಮಾತಾಡುವವರನ್ನು ಕಂಡರೆ ನಾನು ಮೊದಲು ಜೇಬು ಮುಟ್ಟಿಕೊಳ್ಳುತ್ತೇನೆ.

“ಸರ್, ಹಾಡು ಇಲ್ಲೇ ಬಿಟ್ಟು ಹೋಗ್ರಿ, ನಾ ಮಾಡಿ ಕೊಡತೀನಿ” ಎಂದ.

“ಬ್ಯಾಡ. ಹಾಡು ಹೆಂಗ ಆರಿಸಬೇಕು ಅಷ್ಟ ಹೇಳು.”

“ಅಕ್ಕಾರದು ಒಂದ ದನಿ, ಒಂದ ಹಾರ್ಮೋನಿಯಂ ಪೇಟಿ. ಹಂಗಿದ್ದ ಸಾದಾ ಹಾಡು ತಗೋರಿ. ದನಿ ಮುಂದ ಇರಬೇಕು, ಬಾಕಿ ಎಲ್ಲಾ ಹಿಂದ. ಮತ್ತ ಹೋಲಿಸುವಾಗ ಎರಡೂ ಹಾಡಿನ ಆವಾಜ್ ಬರೋಬ್ಬರಿ ಸಮ ಇಡ್ರಿ. ಜೋರ ಇದ್ದದ್ದ ಚಲೋ ಅನಸತೈತಿ ಸರ್, ಅದು ಕಿವೀಗೆ ಆಗೋ ಮೋಸ.” ಇಷ್ಟು ಹೇಳಿ, ಮೂರು ಹಾಡು ತುಂಬಿದ ಪೆನ್‌ಡ್ರೈವ್ ಕೈಗಿಟ್ಟ. ಚಹಾ ಕುಡಿಸಿದ. ಏನೂ ತೆಗೆದುಕೊಳ್ಳಲಿಲ್ಲ!

ಬಸ್ಸಿನಲ್ಲಿ ಕಾಗವಾಡದವರೆಗೂ ಇದನ್ನೇ ಯೋಚಿಸಿದೆ. ಇವನೇಕೆ ತನ್ನ ವಿದ್ಯೆಯನ್ನು ಪುಕ್ಕಟೆ ಕೊಟ್ಟ? ಹುರುಳಿಲ್ಲದ ಹಾಡು ಕೊಟ್ಟಿರಬೇಕು. ಅದನ್ನು ನೋಡಿ ನಾನು ಮಿಕ್ಸಿಂಗ್ ಮಾಡಬೇಕು, ಅದು ಕೆಡಬೇಕು, ನಾನು ಕೈಮುಗಿದು ಅವನ ಬಾಗಿಲಿಗೇ ಹೋಗಬೇಕು. ಎಂಥ ಸಂಚು! ಮನೆಗೆ ಬಂದು ಹಾಡುಗಳನ್ನು ಕೇಳಿದೆ. ಸಂಶಯ ನಿಜವಾಯಿತು. ಮೂರೂ ಹಾಡು ಮೆತ್ತಗಿದ್ದವು, ಥೇಟ್ ಅವನ ಮಾತಿನ ಹಾಗೆ.

“ಎಷ್ಟ ಚಂದ ಅದಾವ್ರಿ. ಆಕಿ ಉಸಿರ ತಗೊಳ್ಳೂದೂ ಕೇಳಸತೈತಿ” ಎಂದಳು ಸುನಂದಾ.

“ಉಸಿರು ಕೇಳಸತೈತಿ ಅಂದ್ರ ತೆಗಿಯೋದು ಮರತಾರ ಅಂತ ಅರ್ಥ” ಎಂದು ನಾನು ತೀರ್ಪು ಕೊಟ್ಟೆ.

ಆಮೇಲೆ ಒಂದು ವಾರ ನಾನೇ ಹಾಡುಗಳ ನಿಷ್ಪಕ್ಷಪಾತ ವಿಚಾರಣೆ ಕೈಗೊಂಡೆ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಹಾಡಿಗೂ ಒಂದು ಸಾಲಿನ ಷರಾ ಬರೆದೆ. ‘ಗಾಯಕಿ ಬಹಳ ಚೆನ್ನಾಗಿ ಹಾಡುತ್ತಾಳೆ. ಏನೋ ಮುಚ್ಚಿಡುತ್ತಿದ್ದಾರೆ.’ ‘ತಬಲಾ ಬಲಗಿವಿಯಲ್ಲಿ ಮಾತ್ರ. ಎಡಗಿವಿಯ ತಬಲಾ ಎಲ್ಲಿ ಹೋಯಿತು?’ ‘ಕೊಳಲು ತೀರಾ ಇಂಪು. ನಂಬಬಾರದು.’ ಇಪ್ಪತ್ತಾರು ಹಾಡು ಕೇಳಿದೆ, ಇಪ್ಪತ್ತಾರನ್ನೂ ನಪಾಸು ಮಾಡಿದೆ. ನಮ್ಮ ಶಾಲೆಯಲ್ಲಿ ಇಷ್ಟು ಕೆಟ್ಟ ಫಲಿತಾಂಶ ಎಂದೂ ಬಂದಿಲ್ಲ.

ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿ, ಒಬ್ಬಳೇ ಗಾಯಕಿಯ ಒಂದೇ ಸಾಲನ್ನು ನಲವತ್ತು ಸಲ ಕೇಳುತ್ತ ಕೂತ ಗಂಡನನ್ನು ಕಂಡರೆ ಯಾವ ಹೆಂಡತಿಗೂ ಸಂಶಯ ಬರುತ್ತದೆ. ಸುನಂದಾ ಬಂದು ಒಂದು ಕಿವಿಯ ಹೆಡ್‌ಫೋನ್ ಎಳೆದು ತಾನೂ ಕೇಳಿದಳು. “ಯಾರೀ ಈಕಿ?” ಎಂದಳು. ತನಿಖೆಯಲ್ಲಿದ್ದಾಳೆ ಎಂದೆ. ಅವತ್ತು ಪಲ್ಯಕ್ಕೆ ಉಪ್ಪು ಇರಲಿಲ್ಲ. ಮರೆತಳೋ, ಬೇಕಂತಲೇ ಬಿಟ್ಟಳೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಇಂಥ ಸಂದಿಗ್ಧದಲ್ಲಿ ಇದ್ದಾಗಲೇ ದುಂಡಪ್ಪನ ಟ್ರ್ಯಾಕ್ಟರು ಬಂತು.

ಕಬ್ಬಿನ ಹಂಗಾಮು. ನಮ್ಮ ಮನೆ ರಸ್ತೆಯ ಮೇಲೆಯೇ ಇದೆ. ಓಣಿಯ ದುಂಡಪ್ಪ ಎರಡು ಟ್ರಾಲಿ ಕಬ್ಬು ಹೇರಿಕೊಂಡು, ಸೀಟಿನ ಹಿಂದೆ ಗೋದ್ರೇಜು ಕಪಾಟಿನಷ್ಟು ಎತ್ತರದ ಸ್ಪೀಕರು ಕಟ್ಟಿಕೊಂಡು, ಫ್ಯಾಕ್ಟರಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆಯೆದುರು ಚಹಾಕ್ಕೆ ನಿಲ್ಲುತ್ತಾನೆ. ಅವತ್ತು ಅವನ ಹಾಡು ಬಂದದ್ದು ಕಿವಿಗಲ್ಲ, ನೇರ ಎದೆಗೆ. ಅಡಿಗೆಮನೆಯಲ್ಲಿ ಬೋಗಾಣಿಯ ಮುಚ್ಚಳ ತಾನಾಗಿ ಕುಣಿಯಿತು. ಕಿಟಕಿಯ ಗಾಜು ತಾಳ ಹಾಕಿತು. ನನ್ನ ಅಲುಗಾಡುತ್ತಿದ್ದ ಹಲ್ಲೊಂದು ಉದುರಲು ಪೂರ್ತಿ ಮನಸ್ಸು ಮಾಡಿತು!

ನಾನು ಎದ್ದು ನಿಂತೆ. ಬೋಗಾಣಿ ಮುಚ್ಚಳಕ್ಕೆ ಯಾರ ಮೇಲೂ ಪಕ್ಷಪಾತವಿಲ್ಲ. ಗಾಜು ಸುಳ್ಳು ಹೇಳುವುದಿಲ್ಲ. ಚೆನ್ನಾಗಿ ತಯಾರಾದ ಹಾಡು ಎಂದರೆ ಇದು!

“ದುಂಡಪ್ಪಾ, ಇದು ಭಾರಿ ಹಾಡೈತಲ್ಲೋ.”

“ಹೌದ್ರಿ ಮಾಸ್ತರ. ಈ ಹಾಡ ಹಚ್ಚಿದ್ರ ಏರಿನ್ಯಾಗ ಗೇರ್ ಬದಲ್ ಮಾಡೋದ ಬ್ಯಾಡ.” ಹೀಗೆಂದು ಐದು ಹಾಡುಗಳನ್ನು ನನ್ನ ಫೋನಿಗೆ ಹಾಕಿಕೊಟ್ಟ. ಅವನೂ ಏನೂ ತೆಗೆದುಕೊಳ್ಳಲಿಲ್ಲ. ವಿಚಿತ್ರವೆಂದರೆ ಜನ್ಮದಲ್ಲಿ ಮೊದಲ ಸಲ ನನಗೆ ಸಂಶಯ ಬರಲಿಲ್ಲ. ಬರಬೇಕಾದಾಗ ಬಾರದೆ ಇರುವುದೇ ಸಂಶಯದ ದೊಡ್ಡ ದೋಷ.

ಕೆಲಸ ಶುರುವಾಯಿತು. ಟ್ರ್ಯಾಕ್ಟರ್ ಹಾಡಿನ ಪಕ್ಕ ಅಕ್ಕನ ದನಿ ಇಟ್ಟು ಕೇಳಿದೆ. ಪಾಪ, ಆನೆಯ ಪಕ್ಕ ನಿಂತ ಆಡಿನ ಮರಿ. ಬಾಳು ಹೇಳಿದಂತೆ ಎರಡರ ಆವಾಜನ್ನು ಸಮ ಮಾಡಬಹುದಿತ್ತು. ಆದರೆ ಅದು ಬಾಳು ಹೇಳಿದ್ದು! ಹಾಗಾಗಿ ಅಕ್ಕನನ್ನೇ ಆನೆಯ ಮಟ್ಟಕ್ಕೆ ಏರಿಸಲು ನಿರ್ಧರಿಸಿದೆ. ತಾಳದ ಜಾಗದಲ್ಲಿ ಡ್ರಮ್ಮು ಕೂಡಿಸಿದೆ. ಎದೆಗೆ ಗುದ್ದುವ ಬೇಸ್ ಏರಿಸಿದೆ. ಟ್ರ್ಯಾಕ್ಟರ್ ಹಾಡಿನಲ್ಲಿ ಪ್ರತಿ ಸಾಲಿನ ಕೊನೆಗೂ ಪ್ರತಿಧ್ವನಿ ಇತ್ತು. ಆದ್ದರಿಂದ ಅಕ್ಕನ ಪ್ರತಿ ಸಾಲಿನ ಕೊನೆಗೂ ಪ್ರತಿಧ್ವನಿ ಇಟ್ಟೆ. ಹಿನ್ನೆಲೆಯ ಬಳೆ ಸದ್ದು, ಗುಬ್ಬಿ ಸದ್ದು, ಉಸಿರಿನ ಸದ್ದು ಎಲ್ಲ ಗುಡಿಸಿ ಹಾಕಿದೆ. ಮೂರನೆಯ ದಿನ ನಮ್ಮ ಮನೆಯ ಬೋಗಾಣಿ ಮುಚ್ಚಳ ಅಕ್ಕನ ಮಂಗಲಾಷ್ಟಕಕ್ಕೆ ಕುಣಿಯಿತು. ನನ್ನ ಕಣ್ಣಲ್ಲಿ ನೀರು ಬಂತು.

ಸುನಂದಾ ಸ್ಪೀಕರಿಗೆ ಕಿವಿ ಹಚ್ಚಿ ಕೇಳಿದಳು. “ಇದ್ರಾಗ ಶಾಂತಕ್ಕನ ದನಿ ಎಲ್ಲೈತ್ರಿ?”

“ಒಳಗೈತಿ.”

“ಒಳಗಂದ್ರ?”

“ಬೇಸಿನ ಒಳಗೈತಿ. ದೊಡ್ಡ ಸ್ಪೀಕರಿನ್ಯಾಗ ಹೊರಗ ಬರತೈತಿ.”

ದೊಡ್ಡ ಸ್ಪೀಕರಿನಲ್ಲಿ ಪರೀಕ್ಷೆಯೂ ಆಯಿತು. ದುಂಡಪ್ಪನ ಟ್ರ್ಯಾಕ್ಟರಿಗೇ ಹಚ್ಚಿಸಿದೆ. ಅವನು ತಲೆದೂಗಿ, “ಜಬರ್ದಸ್ತ್ ಐತ್ರಿ! ಹಾಡಿದ್ದು ಗಂಡಸೋ ಹೆಂಗಸೋ?” ಎಂದು ಕೇಳಿದ. ಹೊಟ್ಟೆಕಿಚ್ಚು ಎಂದುಕೊಂಡೆ.

ಶಾಂತಕ್ಕ ದಿನಾ ಫೋನ್ ಮಾಡಿ, “ಒಮ್ಮೆ ಕೇಳಸೋ” ಎನ್ನುತ್ತಿದ್ದಳು. ಫೋನಿನಲ್ಲಿ ಕಳಿಸಿದರೆ ಹಾಡು ಊರೆಲ್ಲ ಹರಡಿ ಯಾರೋ ಕದಿಯುತ್ತಾರೆ ಎಂದು ನಾನು ಕಳಿಸಲಿಲ್ಲ. “ಲಗ್ನದ ದಿವಸ ಕೇಳೂವಂತಿ” ಎಂದೆ. “ನಿನ್ನ ಮ್ಯಾಲ ನನಗ ಭರೋಸಾ ಐತಿ ಬಿಡು” ಎಂದಳು ಆ ಪುಣ್ಯಾತಗಿತ್ತಿ. ಒಡಹುಟ್ಟಿದವರಲ್ಲಿ ಸಂಶಯವೆಲ್ಲ ನನ್ನ ಪಾಲಿಗೆ, ನಂಬಿಕೆಯೆಲ್ಲ ಆಕೆಯ ಪಾಲಿಗೆ ಬಂದಿತ್ತು.

ಲಗ್ನದ ದಿನ ಬಂತು. ಚಿಕ್ಕೋಡಿಯ ಕಾರ್ಯಾಲಯ ಮಂದಿಯಿಂದ ತುಂಬಿತ್ತು. ವೇದಿಕೆಯ ಮೇಲೆ ಅಂತರಪಟ, ಆಚೆ ಮದುಮಗ, ಈಚೆ ತಲೆ ತಗ್ಗಿಸಿ ನಿಂತ ಪೂಜಾ. ಹಿಂದಿನ ಕೋಣೆಯಲ್ಲಿ ಕುಂಡದ ತುಳಸಿಯ ಎದುರು ತಂಬಿಗೆ ಹಿಡಿದು ಶಾಂತಕ್ಕ. ಎಲ್ಲರ ಕೈಯಲ್ಲೂ ಅಕ್ಷತೆ. ಸ್ಪೀಕರಿನ ಪಕ್ಕ ಬಾಳು, ಅವನ ಪಕ್ಕ ನಾನು, ಅವನು ಏನಾದರೂ ಮುಟ್ಟುತ್ತಾನೋ ಎಂದು ಅವನ ಕೈಯನ್ನೇ ನೋಡುತ್ತ. ಮುಹೂರ್ತಕ್ಕೆ ಇನ್ನೂ ಹದಿನೈದು ನಿಮಿಷವಿತ್ತು. ಎಂಟೂ ನುಡಿ ಮುಗಿದು ಕಡೆಯ ಸಾವಧಾನ ಬರುವ ಹೊತ್ತಿಗೆ ಬರೋಬ್ಬರಿ ಮುಹೂರ್ತ ಬರುವಂತೆ ಗಣಿತ ಮಾಸ್ತರ ಲೆಕ್ಕ ಹಾಕಿದ್ದ. ಭಟ್ಟರು ಕೈಸನ್ನೆ ಮಾಡಿದರು. ನಾನು ಹಚ್ಚಿದೆ.

ಧಡಾಂ!

ಅಂತರಪಟ ಹಿಡಿದಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಮೊದಲ ಸಾಲಿನ ಅಜ್ಜಿಯೊಬ್ಬಳು ಎದೆಗೆ ಕೈ ಇಟ್ಟುಕೊಂಡಳು. ಬಾಳು ನನ್ನ ಮುಖ ನೋಡಿದ. “ಸರ್, ಇದು ಅಕ್ಕಾರ ಹಾಡೇನ್ರಿ?” “ಮತ್ತ್ಯಾರದು!” ಎಂದೆ. ಅಷ್ಟರಲ್ಲಿ ಮೊದಲ ನುಡಿಯ ಕೊನೆಗೆ ಸಾವಧಾನ ಬಂತು. ಮಂದಿ ಅಕ್ಷತೆ ಎರಚಿದರು.

ಪ್ರತಿಧ್ವನಿ ಬಂತು. ಸಾವಧಾನ! ಮತ್ತೆ ಎರಚಿದರು.

ಸಾವಧಾನ! ಎರಚಿದರು. ಸಾವಧಾನ! ಎರಚಿದರು. ನಾನು ಇಟ್ಟದ್ದು ಎಂಟು ಪ್ರತಿಧ್ವನಿ. ಹುಟ್ಟಿದಾಗಿನಿಂದ ಸಾವಧಾನ ಕೇಳಿದ ಕೂಡಲೇ ಕೈ ಎತ್ತಿ ರೂಢಿಯಾದ ಜನ, ಮಾಡುವುದಾದರೂ ಏನು? ಆರನೆಯ ಸಾವಧಾನಕ್ಕೆ ಮುಷ್ಟಿಗಳು ಖಾಲಿಯಾದವು. ಮುಷ್ಟಿ ಖಾಲಿಯಾದದ್ದು ಕಂಡ ವಾಜಂತ್ರಿಯವರು ಲಗ್ನ ಆಯಿತೆಂದು ತಿಳಿದು ಬಾರಿಸಲು ಶುರುಮಾಡಿದರು. ಒಳಗೆ ನನ್ನ ಡ್ರಮ್ಮು, ಹೊರಗೆ ಅವರ ಡೋಲು. ಹಿಂದಿನ ಸಾಲಿನ ಕೆಲವರು ಇದು ವರಾತದ ಮೆರವಣಿಗೆಯ ಹಾಡೆಂದು ಎದ್ದು ಕುಣಿಯತೊಡಗಿದರು. ಊಟದ ಪಂಕ್ತಿಗೆ ಜಾಗ ಹಿಡಿಯಲು ಬೀಗರ ಪೈಕಿ ಹತ್ತಾರು ಜನ ಓಡಿದರು. ಭಟ್ಟರು ಎರಡೂ ಕೈ ಎತ್ತಿ, ಗಾಬರಿಯಲ್ಲಿ ಅರ್ಧ ಮರಾಠಿಗೆ ಹೊರಳಿ, “ಅಹೋ ಥಾಂಬಾ! ಥಾಂಬಾ! ಮುಹೂರ್ತ ಇನ್ನೂ ಬಂದಿಲ್ಲ! ನಿಲ್ಲಿಸ್ರಿ!” ಎಂದು ಕೂಗಿದರು.

ಬಾಳು ಸ್ವಿಚ್ ಆರಿಸಿದ. ಅವನ ಕೈ ಸ್ವಿಚ್ಚನ್ನು ಮುಟ್ಟಲಿ ಎಂದು ನಾನು ಮೊದಲ ಸಲ ಬಯಸಿದ್ದು ಆಗಲೇ.

ಹೊರಗೆ ಡೋಲೂ ನಿಂತಿತು. ಆಗ ಹಿಂದಿನ ಕೋಣೆಯಿಂದ ಶಾಂತಕ್ಕನ ದನಿ ಕೇಳಿಸಿತು. ಅಲ್ಲಿಂದ ಆಕೆಗೆ ಸಭೆಯಲ್ಲಿ ಏನಾಗುತ್ತಿದೆ ಎಂಬುದು ಕಾಣುತ್ತಿರಲಿಲ್ಲ.

“ತಮ್ಮಾ, ಆ ಡಿಜೆ ಬಂದ್ ಆತೇನೋ? ಇನ್ನರೆ ನನ್ನ ಹಾಡ ಹಚ್ಚೋ!”

ತನ್ನ ದನಿ ತನಗೇ ಗುರುತು ಸಿಕ್ಕಿರಲಿಲ್ಲ. ಮಗಳಿಗೆ ಹೇಗೆ ಸಿಗಬೇಕು? ಹಿಡಿದಿಟ್ಟ ಮೂಲ ಹಾಡು ಮನೆಯ ಲ್ಯಾಪ್‌ಟಾಪಿನಲ್ಲಿತ್ತು. ಅಕ್ಕ ಕೇಳಿದ್ದು ಒಂದೇ ಒಂದು ಸಂಗತಿ. ಅದನ್ನು ನಾನು ಬೋಗಾಣಿ ಮುಚ್ಚಳಕ್ಕೆ ಒಪ್ಪಿಸಿದ್ದೆ. ನಾಚಿಕೆಯಿಂದ ಸತ್ತೇ ಹೋದೆ.

ಹೆಂಗಸರ ಸಾಲಿನಿಂದ ಸುನಂದಾ ಎದ್ದು ಬಂದಳು. ನನ್ನ ಕಡೆ ನೋಡಲಿಲ್ಲ. ತನ್ನ ಫೋನನ್ನು ಬಾಳುವಿನ ಮೈಕಿಗೆ ಹಿಡಿದಳು. “ಅವತ್ತ ಶೇಡಬಾಳದಾಗ ನಾನೂ ಹಿಡದಿಟ್ಟೇನಿ” ಎಂದಳು. “ಇವರ ಮ್ಯಾಲ ನನಗ ಸಂಶಯ ಇತ್ತು.”

ಅಡಿಗೆಯ ವೀಡಿಯೋ ನೋಡುತ್ತಿರಲಿಲ್ಲ! ನನ್ನ ಜೊತೆ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿ ಆಕೆಯೂ ಕಲಿತಿದ್ದಳು. ಮತ್ತು ಸರಿಯಾದ ಮನುಷ್ಯನ ಮೇಲೇ ಸಂಶಯಪಟ್ಟಿದ್ದಳು.

ಫೋನು ಶುರುವಾಯಿತು. ಆದರೆ ಮೊದಲು ಕೇಳಿಸಿದ್ದು ಅಕ್ಕನ ದನಿಯಲ್ಲ. ನನ್ನದು! “ಅಕ್ಕಾ, ಆ ಚಿಕ್ಕೋಡಿ ಸ್ಟುಡಿಯೋದಾಂವನ ಕೈಯಾಗ ಕೊಟ್ರ ನಿನ್ನ ದನಿ ಕದ್ದು ಮಾರತಾನ. ಯಾರನ್ನೂ ನಂಬಬ್ಯಾಡ. ಈ ಬೀಗರ ಮ್ಯಾಲೂ ನನಗ ಒಂದೀಟು ಸಂಶಯನ ಐತಿ.” ಇಡೀ ಕಾರ್ಯಾಲಯ ಇದನ್ನು ಸ್ಪಷ್ಟವಾಗಿ ಕೇಳಿಸಿಕೊಂಡಿತು. ಬಾಳು ಕೇಳಿಸಿಕೊಂಡ. ಬೀಗರು ಕೇಳಿಸಿಕೊಂಡರು. ದನಿ ಮುಂದೆ, ಬಾಕಿ ಎಲ್ಲ ಹಿಂದೆ. ಉಸಿರು ಸಹಿತ ಕೇಳಿಸುತ್ತಿತ್ತು!

ಆಮೇಲೆ ಅಕ್ಕನ ಮಾತು: “ಸುಮ್ಮ ಕುಂದ್ರೋ ಮಾರಾಯಾ, ಹಾಡತೀನಿ.” ಮತ್ತು ಹಾಡು.

‘ಅಂಗಳದ ತುಳಸಿಯೇ, ನನ್ನ ಕೂಸು ಹೊರಟಾಳ, ಹೋದ ಮನಿಯಂಗಳದಾಗ ನೀನೇ ಇದ್ದು ನೋಡಿಕೋ’ ಎಂದು ಅಕ್ಕ ಕಟ್ಟಿದ್ದಳು. ನಡುನಡುವೆ ಬಳೆ ಸದ್ದು ಮಾಡುತ್ತಿದ್ದವು. ಎಲ್ಲೋ ಒಂದು ಗುಬ್ಬಿ ಕೂಗಿತು. ಕೊನೆಯ ನುಡಿಯಲ್ಲಿ ‘ಪೂಜಾ’ ಎಂಬಲ್ಲಿ ದನಿ ಒಂದಿಷ್ಟು ನಡುಗಿತು. ಮೂರು ದಿನ ಕೂತು ನಾನು ನೆಟ್ಟಗೆ ಮಾಡಿದ್ದು ಆ ನಡುಕವನ್ನೇ. ತಲೆ ತಗ್ಗಿಸಿ ನಿಂತಿದ್ದ ಪೂಜಾ ತಟ್ಟನೆ ತಲೆಯೆತ್ತಿ ಹಿಂದಿನ ಕೋಣೆಯ ಬಾಗಿಲ ಕಡೆ ನೋಡಿದಳು. ನನ್ನ ಕಣ್ಣಲ್ಲಿ ಮತ್ತೆ ನೀರು ಬಂತು. ಈ ಸಲ ಬೋಗಾಣಿಯ ಸಲುವಾಗಿ ಅಲ್ಲ.

ಅಕ್ಷತೆಯ ಪ್ರಶ್ನೆ ಉಳಿದಿತ್ತು. ಹಾಡು ನಡೆದಿರುವಾಗಲೇ ಅಡಿಗೆಯವರು ಮಸಾಲೆ ಅನ್ನಕ್ಕೆ ತೊಳೆದಿಟ್ಟಿದ್ದ ಅಕ್ಕಿಗೆ ಅರಿಷಿಣ ಕಲಸಿ ಓಡಿ ತಂದರು. ಪ್ರತಿಧ್ವನಿಗಳಿಲ್ಲದ ಹಾಡು ಗಿಡ್ಡವಾದ್ದರಿಂದ, ತಡವಾಗಿ ಶುರುವಾದರೂ ಕಡೆಯ ಸಾವಧಾನ ಒಂದೇ ಒಂದು ಸಲ, ಮುಹೂರ್ತಕ್ಕೆ ಸರಿಯಾಗಿ ಬಂತು. ಒದ್ದೆ ಅಕ್ಕಿ ಚಿಮ್ಮಿತು. ಅದು ಕೆಳಗೆ ಉದುರಲಿಲ್ಲ, ಬಿದ್ದಲ್ಲೇ ಅಂಟಿಕೊಂಡಿತು. ಹಿರಿಯ ಬೀಗರ ಕನ್ನಡಕಕ್ಕೆ ಅಂಟಿದ ಮೂರು ಕಾಳು ಊಟ ಮುಗಿಯುವವರೆಗೂ ನನ್ನನ್ನೇ ದಿಟ್ಟಿಸುತ್ತಿದ್ದವು. ಮಸಾಲೆ ಅನ್ನ ಕಡಿಮೆ ಬಿತ್ತು. ಅದೂ ನನ್ನ ಹೆಸರಿಗೇ ಬಂತು.

ಹೊರಡುವ ಮುನ್ನ ಬಾಳು ಸುನಂದಾಳ ಹತ್ತಿರ ಬಂದು, “ವೈನಿ, ಆ ಫೋನಿನ ಹಾಡು ಒಂದೀಟು ನನಗ ಕೊಡ್ರಿ. ನನ್ನ ಕೆಲಸಕ್ಕ ರೆಫರೆನ್ಸ್ ಇಟ್ಕೋತೀನಿ” ಎಂದ. ಆಕೆ ಕೊಟ್ಟಳು. ಅವನು ನನ್ನನ್ನೂ ಕೇಳಿದ: “ಸರ್, ನಿಮ್ಮ ಮಿಕ್ಸಿಂಗ್ ಸೈತ ಕೊಡ್ರಿ.” ಅಷ್ಟೆಲ್ಲ ಆದಮೇಲೂ ನನ್ನ ಕೆಲಸದಲ್ಲಿ ಏನೋ ಒಂದು ಗುಣ ಕಂಡಿದ್ದಾನೆ ಎಂದು ಎದೆಯುಬ್ಬಿಸಿ ಕೊಟ್ಟೆ. ನನಗೆ ಸಂಶಯ ಬಾರದೆ ಹೋದ ಎರಡನೆಯ ಸಂದರ್ಭ ಇದು.

ಮೊನ್ನೆ ಚಿಕ್ಕೋಡಿಗೆ ಹೋದಾಗ ಅವನ ಸ್ಟುಡಿಯೋಕ್ಕೆ ಇಣುಕಿದೆ. ಒಳಗೆ ನಾಲ್ಕು ಜನ ಕುರ್ಚಿಯಿಂದ ಜಾರುವಂತೆ ನಗುತ್ತಿದ್ದರು. ಸ್ಪೀಕರಿನಲ್ಲಿ ಎಲ್ಲೋ ಕೇಳಿದ ಡ್ರಮ್ಮು. ನನ್ನನ್ನು ಕಂಡು ಎಲ್ಲರೂ ಕೆಮ್ಮತೊಡಗಿದರು.

“ಏನಿಲ್ಲ ಸರ್,” ಎಂದ ಬಾಳು ಅದೇ ಮೆತ್ತಗಿನ ದನಿಯಲ್ಲಿ. “ಹಾಡ ಮಾಡಸಾಕ ಬಂದವರಿಗೆಲ್ಲಾ ಎರಡು ರೆಫರೆನ್ಸ್ ಕೇಳಸ್ತೀನಿ. ಒಂದು ಅಕ್ಕಾರದು. ಹಿಂಗ ಆಗಬೇಕು ಅಂತ ಹೇಳಾಕ.”

ಇನ್ನೊಂದು ಯಾವುದೆಂದು ನಾನು ಕೇಳಲಿಲ್ಲ. ಆದರೆ ಹುಟ್ಟುಗುಣ ಬಿಡುತ್ತದೆಯೇ? ಒಂದು ಸಂಶಯ ಮಾತ್ರ ಬಂತು.

“ಎರಡೂ ಹಾಡಿನ ಆವಾಜ್ ಸಮ ಇಟ್ಟು ಕೇಳಸ್ತೀಯೋ, ಇಲ್ಲಾ ನಂದನ್ನ ಕಡಿಮಿ ಮಾಡಿ ಮೋಸ ಮಾಡಾಕತ್ತೀಯೋ?”

“ದೇವರಾಣೆ ಸಮ ಇಟ್ಟೇ ಕೇಳಸ್ತೀನ್ರಿ ಸರ್,” ಎಂದ. “ಅದಕ್ಕ ಇಷ್ಟು ನಗಾಕತ್ತಾರ.”